ಮೂವರು ಒಡೆಯರನ್ನು ಕಂಡ ಲೆಕ್ಕಿಗ

ಕುಣಿಗಲ್ಲಿನಿಂದ ಮದ್ದೂರಿನ ದಾರಿ ಹಿಡಿದರೆ ಹುಲಿಯೂರುದುರ್ಗದ ಬಂಡೆಬೆಟ್ಟ ದೂರದಿಂದಲೇ ಕಾಣುತ್ತದೆ. ಮಾಗಡಿ ಕೆಂಪೇಗೌಡರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕೋಟೆ ಅದು. 1792ರ ಆರಂಭದಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಸುತ್ತಿನಲ್ಲಿ ನೆರೆದು ಶ್ರೀರಂಗಪಟ್ಟಣದತ್ತ ಹೊರಟಿತು. ಮುಂದಿನದನ್ನು ಶಾಲೆಯ ಪುಸ್ತಕ ನಾಲ್ಕೇ ಸಾಲಿನಲ್ಲಿ ಮುಗಿಸುತ್ತದೆ: ಟಿಪ್ಪು ಸೋತ, ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ.

ಅರ್ಧ ರಾಜ್ಯ ಹೋದ ಮೇಲೆ ಅಷ್ಟು ಹಣ ಎಲ್ಲಿಂದ ಬರಬೇಕು? ಮಕ್ಕಳು ಮನೆಗೆ ಹಿಂದಿರುಗಿದ್ದು 1794ರಲ್ಲಿ. ಕತ್ತಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಜಮಾಖರ್ಚಿನ ಕಥೆ ಹೇಳುವವರು ಕಡಿಮೆ. ಟಿಪ್ಪುವಿನ ಆಡಳಿತದಲ್ಲಿ ಈ ಜಮಾಖರ್ಚನ್ನು ಬಲ್ಲ ಹಿರಿಯರಲ್ಲಿ ಪೂರ್ಣಯ್ಯ ಒಬ್ಬರು. ಈ ವಾರ ಅವರ ಬದುಕನ್ನೊಮ್ಮೆ ನೋಡೋಣ.

ಪೂರ್ಣಯ್ಯ ಹುಟ್ಟಿದ್ದು 1746ರ ಸುಮಾರಿಗೆ, ಬಡ ಬ್ರಾಹ್ಮಣ ಕುಟುಂಬದಲ್ಲಿ. ಹನ್ನೊಂದರ ಹರೆಯದಲ್ಲೇ ತಂದೆ ತೀರಿಕೊಂಡರು. ಮನೆ ನಡೆಯಬೇಕಲ್ಲ, ಹುಡುಗ ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯಲು ಕುಳಿತ. ಬರವಣಿಗೆ ಅಂದ, ಲೆಕ್ಕ ಚೊಕ್ಕ, ಹಲವು ಭಾಷೆಗಳ ಪರಿಚಯ ಬೇರೆ. ಆ ಅಂಗಡಿಯ ನಂಟಿನಿಂದ, ಹೈದರಾಲಿಯ ಸೈನ್ಯಕ್ಕೆ ಸಾಮಗ್ರಿ ಒದಗಿಸುತ್ತಿದ್ದ ಅನ್ನದಾನ ಶೆಟ್ಟರ ಕಣ್ಣಿಗೆ ಬಿದ್ದರು. ಅಲ್ಲಿಂದ ಹೈದರನ ಖಜಾನೆಗೆ. ದೊಡ್ಡವರ ಶಿಫಾರಸಿರಲಿಲ್ಲ, ಮನೆತನದ ಬಲವಿರಲಿಲ್ಲ. ಕೈಹಿಡಿದದ್ದು ಬರೆದಿಟ್ಟ ಪುಟಗಳು.

1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ದಂಡಿನ ಪಾಳೆಯದಲ್ಲಿ ಹೈದರ್ ತೀರಿಕೊಂಡ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ದಂಡು ಚದುರಿಹೋಗುವ ಭಯ. ಪೂರ್ಣಯ್ಯ ಮತ್ತಿತರರು ಸಾವನ್ನು ಗುಟ್ಟಾಗಿರಿಸಿದರು. ದೇಹವನ್ನು ಬೆಲೆಬಾಳುವ ಸರಕಿನ ಪೆಟ್ಟಿಗೆಯೆಂಬಂತೆ ಕೋಲಾರಕ್ಕೆ ಸಾಗಿಸಿದರು. ಟಿಪ್ಪು ಬಂದು ಸೇರುವ ತನಕ ಎಲ್ಲವೂ ಎಂದಿನಂತೆಯೇ ನಡೆಯಿತು. ಮುಂದೆ ಟಿಪ್ಪುವಿನ ಕಾಲದಲ್ಲಿ ಅವರು ದಂಡನ್ನು ನಡೆಸಿ ಯುದ್ಧಭೂಮಿಯಲ್ಲೂ ನಿಂತರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಸರದಾರರ ಸಂಸಾರಗಳು ಕೋಟೆಯೊಳಗೇ ಇದ್ದವು. ಪೂರ್ಣಯ್ಯ ಇಂಗ್ಲಿಷರಿಗೆ ಶರಣಾದರು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ ದಿವಾನರಾದವರು ಅವರೇ. ಉಪ್ಪುಂಡ ಮನೆಯನ್ನು ಮರೆತರು ಎಂದು ಜರೆಯುವವರು ಇಂದಿಗೂ ಇದ್ದಾರೆ. ಆದರೆ ಟಿಪ್ಪುವಿನ ಹಿರಿಯ ಮಗ ಫತೇ ಹೈದರನಿಗೇ ಪಟ್ಟ ಕಟ್ಟಬೇಕೆಂದು ಪೂರ್ಣಯ್ಯ ಮೊದಲು ಸೂಚಿಸಿದ್ದರೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಎರಡನ್ನೂ ಎದುರಿಗಿಟ್ಟುಕೊಂಡೇ ತೀರ್ಪು ಕೊಡುವುದು ನ್ಯಾಯ.

ದಿವಾನಗಿರಿಯಲ್ಲಿ ಅವರೊಳಗಿನ ಸೈನಿಕನೂ ಲೆಕ್ಕಿಗನೂ ಒಟ್ಟಿಗೆ ಕೆಲಸ ಮಾಡಿದರು. ಯುದ್ಧ ಮುಗಿದಾಗ ಸಾವಿರಾರು ಸಿಪಾಯಿಗಳಿಗೆ ಅನ್ನದ ದಾರಿ ತಪ್ಪಿತ್ತು. ಅವರಲ್ಲಿ ಅನೇಕರು ಧೋಂಡಿಯ ವಾಘನ ಹಿಂದೆ ಹೋದರು. ಆ ದಂಗೆ ಅಡಗಲು 1800ರ ಸೆಪ್ಟೆಂಬರ್ ಆಗಬೇಕಾಯಿತು. ಹಸಿದ ಸಿಪಾಯಿಯನ್ನು ಬೆನ್ನಟ್ಟುವುದಕ್ಕಿಂತ ಅವನಿಗೆ ಸಂಬಳ ಕೊಡುವುದೇ ಅಗ್ಗ ಎಂಬುದು ಲೆಕ್ಕ ಬಲ್ಲವರಿಗೆ ಬೇಗ ಹೊಳೆಯುತ್ತದೆ. ಪೂರ್ಣಯ್ಯ ಅನೇಕ ಹಳೆಯ ಸೈನಿಕರನ್ನು ಕುದುರೆದಂಡಿಗೂ ಕಂದಾಚಾರಕ್ಕೂ ಸೇರಿಸಿಕೊಂಡರು. ಕಂದಾಚಾರದವರು ಊರು ಕಾಯಬೇಕು, ಕರೆ ಬಂದರೆ ದಂಡಿಗೂ ಹೋಗಬೇಕು. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಪೊಗದಿ ಸಲ್ಲಿಸುತ್ತಲೇ ಕೆರೆ ಕಾಲುವೆಗಳ ದುರಸ್ತಿಯೂ ನಡೆಯಿತು. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆಯನ್ನು ನೋಡಿದವರಿಗೆ ಆ ಕಾಲದ ಕೆಲಸದ ಗಟ್ಟಿತನ ಗೊತ್ತು. ಮೈಸೂರಿಗೆ ನೀರು ತರಲೆಂದು ತೋಡಿಸಿದ ಪೂರ್ಣಯ್ಯ ನಾಲೆಯಲ್ಲಿ ಮಾತ್ರ ನೀರು ಹರಿಯಲಿಲ್ಲ.

ಮನೆಯವರ ಪಾಲಿಗೆ 1807ರಲ್ಲಿ ಯಳಂದೂರು ಜಹಗೀರು ಬಂತು. 1811ರ ಕೊನೆಗೆ ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕಿ ಉಳಿಸಿದ್ದರೆಂದು ಹಿಂದಿನ ಇತಿಹಾಸಕಾರರು ಬರೆದಿದ್ದಾರೆ. ಆ ಹಣ ರೈತರಿಂದ ಬಿಗಿಯಾಗಿ ವಸೂಲಾದದ್ದು ಎಂಬ ಟೀಕೆಯೂ ಉಂಟು. 1812ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದಲ್ಲಿ ಅವರು ಕಣ್ಣುಮುಚ್ಚಿದರು.

ತಂದೆತಾಯಿಗಳು ಯೋಚಿಸಬೇಕಾದ ಮಾತು ಇರುವುದು ಇಲ್ಲಿಂದ ಮುಂದೆ. ಐದು ವರ್ಷದ ಅರಸ ಹದಿನೇಳಾಗುವ ತನಕ ಲೆಕ್ಕವೆಲ್ಲ ದಿವಾನರ ಕೈಯಲ್ಲೇ ಇತ್ತು. ಅಧಿಕಾರ ಬಿಟ್ಟುಕೊಡುವಾಗ ಇಬ್ಬರ ನಡುವೆ ಮನಸ್ತಾಪವೂ ಆಯಿತು. ಹುಡುಗನಿಗೆ ದಕ್ಕಿದ್ದು ತುಂಬಿದ ಬೊಕ್ಕಸ. ಅದನ್ನು ತುಂಬಿಸುವ ಕಷ್ಟವನ್ನು ಅವನು ಕಂಡಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಬೊಕ್ಕಸ ಬರಿದಾಯಿತು, ನಗರದ ಕಡೆ ರೈತರು ದಂಗೆ ಎದ್ದರು, 1831ರಲ್ಲಿ ಇಂಗ್ಲಿಷರು ಆಡಳಿತವನ್ನೇ ಕಿತ್ತುಕೊಂಡರು. ಕಂಪನಿಯ ಪೊಗದಿಯ ಭಾರವೂ ಅದಕ್ಕೆ ಕಾರಣ, ನಿಜ. ಆದರೂ ಹನ್ನೊಂದರಲ್ಲೇ ಅಂಗಡಿಯ ಲೆಕ್ಕ ಕಲಿತವರು ತಾವು ಬೆಳೆಸಿದ ಹುಡುಗನ ಕೈಗೆ ಲೆಕ್ಕದ ಪುಸ್ತಕವನ್ನು ಇನ್ನಷ್ಟು ಬೇಗ ಕೊಡಬಹುದಿತ್ತು ಎನಿಸುತ್ತದೆ.

ನಮ್ಮ ಮನೆಗಳಲ್ಲೂ ನಡೆಯುವುದು ಇದೇ ಅಲ್ಲವೇ? ಮಗನಿಗೆ ಕಷ್ಟ ತಿಳಿಯಬಾರದು, ಮಗಳ ಓದಿಗೆ ತೊಂದರೆಯಾಗಬಾರದು ಎಂದು ಸಾಲ, ಬಡ್ಡಿ, ಬಾಕಿಗಳನ್ನು ಬಚ್ಚಿಡುತ್ತೇವೆ. ತಿಂಗಳ ಮೊದಲ ಭಾನುವಾರ ಮನೆಯ ಖರ್ಚನ್ನು ಮಕ್ಕಳ ಕೈಯಲ್ಲೇ ಒಮ್ಮೆ ಬರೆಸಿ ನೋಡಿ. ಕೂಡಿಸುವಾಗ ತಪ್ಪಾದರೂ ಪರವಾಗಿಲ್ಲ. ಅಪ್ಪನ ಸಂಬಳ ಎಲ್ಲಿಗೆ ಹೋಗುತ್ತದೆ, ಅಮ್ಮ ಯಾವುದನ್ನು ಬೇಡವೆಂದು ಬಿಟ್ಟಿದ್ದಾಳೆ ಎಂಬುದು ಆ ಒಂದು ಪುಟದಲ್ಲೇ ಅವರಿಗೆ ತಿಳಿಯುತ್ತದೆ.