ತಿರುಕನ ಕನಸು ಯಾರದು?

ಹಾಸ್ಟೆಲ್ಲಿನ ಗೆಳೆಯರೆ,

ಸ್ಕಾಲರ್‌ಶಿಪ್ ದುಡ್ಡು ಯಾಕೆ ಬಂದಿಲ್ಲ ಅಂತ ಅರ್ಜಿ ಬರೆದುಕೊಂಡು ಹಾವೇರಿಯ ಒಂದು ಕಚೇರಿಗೆ ಹೋಗಿದ್ದೆ. ದುಡ್ಡು ಬಂದರೆ ಧಾರವಾಡಕ್ಕೆ ಎಂ.ಎ.ಗೆ ಹೋಗ್ತೀನಿ ಅಂದೆ. ಮೇಜಿನ ಹಿಂದೆ ಕೂತವರು ನಕ್ಕರು. 'ತಮ್ಮಾ, ಹಾಸಿಗಿ ಇದ್ದಷ್ಟ ಕಾಲ ಚಾಚಬೇಕು. ನಿಂದು ತಿರುಕನ ಕನಸ ಆತು' ಅಂದರು. ಅರ್ಜಿ ತಗೊಳ್ಳಲಿಲ್ಲ.

ಈ ಮಾತನ್ನು ಬಿಚ್ಚಿ ನೋಡೋಣ. ಮುಪ್ಪಿನ ಷಡಕ್ಷರಿಯ ಹಾಡನ್ನು ಸಾಲಿಯಲ್ಲಿ ಬಾಯಿಪಾಠ ಮಾಡಿದವರು ನಾವು. ಮುರುಕು ಧರ್ಮಶಾಲೆಯಲ್ಲಿ ಮಲಗಿದ ತಿರುಕನಿಗೆ ಆನೆ ಮಾಲೆ ಹಾಕಿತು, ರಾಜನಾದ, ಎಚ್ಚರಾದಾಗ ಎಲ್ಲ ಬಯಲು. ಸಿರಿಸಂಪತ್ತೇ ಕನಸು ಅನ್ನುವ ಹಾಡು ಅದು. ಅಂದರೆ ರಾಜನಿಗೂ ಹೇಳಿದ ಮಾತು. ನುಡಿಗಟ್ಟಾಗಿ ಬೀದಿಗೆ ಬಂದಾಗ ಮಾತ್ರ ತಿರುಕನ ತಲೆ ಮೇಲಷ್ಟೇ ಬಿತ್ತು. 'ರಾಜನ ಕನಸು' ಅನ್ನುವ ಬೈಗುಳ ಯಾಕಿಲ್ಲ?

ಬ್ಯಾಡಗಿಗೆ ಬರ್ರಿ. ಮುಂದೆ ದರ ಏರೀತು ಅಂತ ಮೆಣಸಿನಕಾಯಿ ಚೀಲ ಕೋಲ್ಡ್ ಸ್ಟೋರೇಜಿಗೆ ಹಾಕಿದವರ ಆಸೆಗೆ ವ್ಯಾಪಾರ ಅಂತಾರೆ. 2024ರ ಮಾರ್ಚಿನಲ್ಲಿ ದರ ಕುಸಿದು, ರೈತರು ರೊಚ್ಚಿಗೆದ್ದು, ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಆವಾಗಲೂ ಆ ಲೆಕ್ಕಾಚಾರಕ್ಕೆ ತಿರುಕನ ಕನಸು ಅಂದವರನ್ನು ನಾನು ಕಾಣಲಿಲ್ಲ. ರಾಣೆಬೆನ್ನೂರಿನ ಅಂಗಡಿಯಲ್ಲಿ ಬೀಜದ ಪಾಕೀಟಿನ ಮೇಲಿನ ಚಿತ್ರಕ್ಕೆ ಭರವಸೆ ಅಂತಾರೆ. ದಿನವಿಡೀ ಘಾಟಿನಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಅವ್ವ 'ನನ್ನ ಮಗಳು ಡಾಕ್ಟರ್ ಆಗ್ತಾಳ' ಅಂದರೋ? ಆಕಾಶಕ್ಕೆ ಏಣಿ ಹಾಕಿದಳು ಅಂತಾರೆ. ಆಸೆ ಒಂದೇ. ಜಾತಿ ನೋಡಿ, ಕಿಸೆ ನೋಡಿ ಹೆಸರಿಡ್ತಾರೆ.

ಮಹಾಡದ ಚವದಾರ್ ಕೆರೆಯ ನೀರು ಕುಡಿಯುವುದೂ ಒಂದು ಕಾಲಕ್ಕೆ ಆಗದ ಆಸೆಯೇ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಕುಡಿದರು. 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದಾಗಿ 60 ವರ್ಷಕ್ಕೆ, 2010ರಲ್ಲಿ, ನಮ್ಮದೇ ಜಿಲ್ಲೆಯ ಸವಣೂರಿನಲ್ಲಿ ಇದ್ದ ಜಾಗ ಬಿಡಿ ಅಂದಾಗ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡರು. ಅವರು ಕೇಳಿದ್ದು ಸಿಂಹಾಸನವಲ್ಲ. ತಲೆ ಮೇಲೊಂದು ಸೂರು. ಇದನ್ನೂ ಕನಸು ಅಂತೀರೇನು?

ಗೆಳೆಯರೆ, ನಮ್ಮೊಳಗೂ ಪೊಳ್ಳು ಆಸೆ ಇದೆ, ಮುಚ್ಚಿಡೋದು ಬೇಡ. ಓಟಿಗೆ ಬಂದ ಧಣಿ ಏನಾದರೂ ಕೊಟ್ಟಾನು, ಯಾರೋ ಆನೆ ತಂದು ಮಾಲೆ ಹಾಕಿಸ್ಯಾರು ಅಂತ ಕಾಯ್ತೀವಲ್ಲ, ಅದು. ತಿರುಕನ ತಪ್ಪು ರಾಜ್ಯ ಬಯಸಿದ್ದಲ್ಲ. ಆನೆಯನ್ನು ನಂಬಿದ್ದು, ಒಬ್ಬನೇ ಮಲಗಿದ್ದು.

ಮರುದಿನ ಹಾಸ್ಟೆಲ್ಲಿನ ಆರು ಮಂದಿ ಹುಡುಗರ ಜೊತೆ ಅದೇ ಮೇಜಿಗೆ ಹೋದೆ. ಯಾರೂ ನಗಲಿಲ್ಲ. ಅರ್ಜಿ ತಗೊಂಡರು, ಸಹಿ ಹಾಕಿ ಚೀಟಿ ಕೊಟ್ಟರು. ದುಡ್ಡು ಇನ್ನೂ ಬಂದಿಲ್ಲ. ಬರುವ ಸೋಮವಾರ ಮತ್ತೆ ಹೊಂಟೀವಿ. ಈ ಸಲ ಇಪ್ಪತ್ತು ಮಂದಿ.

ಎದ್ದು ಬರ್ರಿ. ಜೈ ಭೀಮ್.