ಮಹಾಪ್ರಬಂಧ ಊರಿಗೂ ಮರಳಲಿ

ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು ನಾಡು ಅಣೆಕಟ್ಟುಗಳ ಜೊತೆಗೇ ನೆನೆಯುತ್ತದೆ. ಅವರ ವಿದ್ಯಾರ್ಥಿ ದೆಸೆ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿನ ಖರ್ಚು ತೂಗಿಸಿದರು. 1881ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಎಂಜಿನಿಯರಿಂಗ್ ಓದಲು ಹೋದರು. ಮುಂದೆ ಅವರು ದಿವಾನರಾಗಿದ್ದಾಗಲೇ 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆಯೂ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಶುರುವಾದವು. ಹೆಬ್ಬಾಳದ ಆ ಶಾಲೆ 1946ರಲ್ಲಿ ಕೃಷಿ ಕಾಲೇಜಿಗೆ ದಾರಿ ಮಾಡಿತು, 1960ರ ದಶಕದಲ್ಲಿ ಕೃಷಿ ವಿಶ್ವವಿದ್ಯಾಲಯ ತಲೆಯೆತ್ತಿತು.

ಇಂದು ವಿಶ್ವವಿದ್ಯಾಲಯಗಳಲ್ಲಿ ಕೃಷಿಗೊಂದು ವಿಭಾಗ, ಪರಿಸರಕ್ಕೊಂದು ವಿಭಾಗ, ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯಕ್ಕೊಂದು ಆಪ್ತಸಮಾಲೋಚನಾ ಕೊಠಡಿ. ಆದರೆ ವಿಶ್ವೇಶ್ವರಯ್ಯನವರ ಜಿಲ್ಲೆಯದೇ ಆದ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನ ಮನೆಯಲ್ಲಿ ಮೂರೂ ಒಂದೇ ಸೂರಿನಡಿ ಇರುತ್ತವೆ. ಕೊಳವೆಬಾವಿ ಬತ್ತಿದರೆ ಹಿಪ್ಪುನೇರಳೆ ಸೊಪ್ಪಿಲ್ಲ, ಸೊಪ್ಪಿಲ್ಲದೆ ಚಾಕಿ (ಎಳೆಯ) ಹುಳು ತರುವಂತಿಲ್ಲ, ಗೂಡು ಮಾರುಕಟ್ಟೆಗೆ ಹೋಗದಿದ್ದರೆ ಹಾಸ್ಟೆಲಿನಲ್ಲಿರುವ ಮಗಳಿಗೆ ಶುಲ್ಕ ಕಟ್ಟಲಾಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಅವಳಿಗೆ ನಿದ್ದೆ ಬಾರದಿದ್ದರೆ ಅದರ ಕಾರಣವನ್ನು ಅವಳ ಮನಸ್ಸಿನಲ್ಲಿ ಮಾತ್ರ ಹುಡುಕಿದರೆ ಸಾಲದು.

ಸಂಶೋಧನೆಯಿಂದ ಈ ಸೀಮೆಗೆ ಸಿಕ್ಕಿರುವುದು ಸಣ್ಣದೇನಲ್ಲ. ರಾಗಿ ಹೊಲವನ್ನು ಬೆಂಕಿ ರೋಗ ಹಾಳುಗೆಡವುತ್ತಿದ್ದಾಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಿಂದ ಬಂದ ಜಿಪಿಯು-28 ತಳಿ ರೈತರ ಕೈ ಹಿಡಿಯಿತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ಹಿಪ್ಪುನೇರಳೆ ಈಗ ಎಲ್ಲೆಡೆ ಕಾಣುವ ತೋಟ. ಊಜಿ ನೊಣದ ಕಥೆ ಇನ್ನೂ ಮುಖ್ಯ. 1980ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಈ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದಲೇ ಹುಳುವನ್ನು ತಿಂದು, ಗೂಡನ್ನು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನ ಎಳೆ ತುಂಡಾಗುವುದರಿಂದ ನೂಲು ತೆಗೆಯುವ ರೀಲರ್‌ಗಳು ಅದನ್ನು ಕೊಳ್ಳುವುದಿಲ್ಲ. ವಿಜ್ಞಾನಿಗಳು ಊಜಿಯ ಪ್ಯೂಪಾವನ್ನೇ ತಿನ್ನುವ ನೆಸೊಲಿಂಕ್ಸ್ ಥೈಮಸ್ ಎಂಬ ಪರತಂತ್ರ ಕೀಟವನ್ನು ಸಾಕಿ ಹಂಚಿದರು, ಹುಳು ಮನೆಯ ಕಿಟಕಿ ಬಾಗಿಲಿಗೆ ಬಲೆ ಕಟ್ಟುವುದನ್ನು ಕಲಿಸಿದರು. ಪ್ರಯೋಗಾಲಯದ ಮಾತು ಹುಳು ಮನೆಯ ತನಕ ನಡೆದು ಬಂದದ್ದರಿಂದಲೇ ಬೆಳೆಗಾರರು ಉಳಿದುಕೊಂಡರು.

ಎಲ್ಲ ಸಂಶೋಧನೆಗೂ ಆ ನಡಿಗೆ ದಕ್ಕಿಲ್ಲ. ನೀರಿನ ವಿಷಯದಲ್ಲಂತೂ ಇದು ನೋವಿನ ಸಂಗತಿ. ವರ್ಷವಿಡೀ ಹರಿಯುವ ನದಿ ಚಿಕ್ಕಬಳ್ಳಾಪುರ ಜಿಲ್ಲೆಗಿಲ್ಲ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕಂದವಾರ ಕೆರೆ ಸೇರಿದಂತೆ ಇಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಇದರ ಅಣ್ಣನಂತಿರುವ ಕೋರಮಂಗಲ–ಚಲ್ಲಘಟ್ಟ ಯೋಜನೆಯಲ್ಲಿ 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿಗೂ ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಕೇಳುತ್ತಲೇ ಬಂದಿದೆ. ಆ ಬೇಡಿಕೆ ನ್ಯಾಯವಾದದ್ದು. ಕೆರೆ ತುಂಬಿದರೆ ಅಂತರ್ಜಲ ಏರುತ್ತದೆ, ರೈತರಿಗೆ ಅದರ ಸಂತೋಷವೂ ಇದೆ. ಆ ನೀರಿನಲ್ಲಿ ಏನೇನಿದೆ, ಸೊಪ್ಪಿಗೆ, ತರಕಾರಿಗೆ, ಹಸುವಿನ ಹಾಲಿಗೆ ಏನು ಸೇರುತ್ತದೆ ಎಂದು ತಿಳಿಯುವ ಹಕ್ಕೂ ಅವರಿಗಿದೆ. ಆದರೆ ಸಂಶೋಧನೆಗೆಂದು ನೀರಿನ ಮಾದರಿ ಒಯ್ದ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಪ್ರಬಂಧ ಒಪ್ಪಿಸಿ ಪದವಿ ಪಡೆಯುತ್ತಾನೆ. ಮಾದರಿ ಕೊಟ್ಟ ಊರಿಗೆ ಉತ್ತರ ಸಿಗಬೇಕೆಂಬ ನಿಯಮ ಎಲ್ಲಿದೆ?

ಈ ನಿಯಮ ಬೇಕು. ಜಿಲ್ಲೆಯ ಮಣ್ಣು, ನೀರು, ಬೆಳೆ, ಜನರನ್ನು ಕುರಿತ ಪ್ರತಿ ಪ್ರಬಂಧಕ್ಕೂ ನಾಲ್ಕು ಪುಟದ ಕನ್ನಡ ವರದಿ ಜೊತೆಗಿರಬೇಕು. ಪದವಿಗೆ ಮೊದಲು ವಿದ್ಯಾರ್ಥಿ ಅದನ್ನು ಸಂಬಂಧಪಟ್ಟ ಗ್ರಾಮಸಭೆಯಲ್ಲಿ ಓದಬೇಕು. ಪುರುಸೊತ್ತಿಲ್ಲ, ಜರ್ನಲ್ ಲೇಖನಗಳೇ ಮುಗಿಯುವುದಿಲ್ಲ ಎಂಬ ಆಕ್ಷೇಪ ಬರಬಹುದು. ಪಿಎಚ್.ಡಿ.ಗೆ ಜರ್ನಲ್ ಪ್ರಕಟಣೆ ಕಡ್ಡಾಯವೆಂಬ ಷರತ್ತನ್ನು ಯುಜಿಸಿ 2022ರ ನಿಯಮಾವಳಿಯಲ್ಲೇ ಕೈಬಿಟ್ಟಿದೆ. ತೆರವಾದ ಆ ಜಾಗವನ್ನು ಊರಿಗೆ ಕೊಡಬಹುದಲ್ಲ. ಅಂತಿಮ ವರ್ಷದ ಕೃಷಿ ಪದವಿ ವಿದ್ಯಾರ್ಥಿಗಳು ಹಳ್ಳಿಗಳಲ್ಲೇ ಉಳಿದು ಕಲಿಯುವ ಗ್ರಾಮೀಣ ಕಾರ್ಯಾನುಭವ ಶಿಬಿರಗಳು ಹೇಗೂ ನಡೆಯುತ್ತಿವೆ. ವೇದಿಕೆ ಹೊಸದಾಗಿ ಕಟ್ಟಬೇಕಿಲ್ಲ.

ಇದರಿಂದ ವಿದ್ಯಾರ್ಥಿಗೂ ಒಳಿತಿದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದ ಗೌರಿಬಿದನೂರಿನ ಹುಡುಗ ತರಗತಿಯಲ್ಲಿ ಬಾಯಿ ಬಿಡಲು ಅಂಜುತ್ತಾನೆ. ಎರಡನೇ ಜ್ವರ (ಪೊರೆ ಕಳಚುವ ಹಂತ) ಕಳೆದ ಹುಳು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತು ಅವನಿಗೆ ಮನೆಯಲ್ಲೇ ಕಲಿತ ಪಾಠ. ಆ ತಿಳಿವಿಗೆ ಅಂಕ ಸಿಗುವ ದಿನ ಅವನ ಬೆನ್ನು ನೆಟ್ಟಗಾಗುತ್ತದೆ.

ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯದ ಪ್ರಶ್ನೆಯೂ ಇದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ನೇತೃತ್ವದಲ್ಲಿ ಇದನ್ನು ತಡೆಯುವ ದಾರಿ ಹುಡುಕಲು ಕಾರ್ಯಪಡೆ ರಚಿಸಿತು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆ ಪ್ರತಿ ಹಾಸ್ಟೆಲಿನ ಗೋಡೆಯ ಮೇಲಿರಬೇಕು. ಇದರ ಜೊತೆಗೆ, ಬರಪೀಡಿತವೆಂದು ಘೋಷಿತವಾದ ತಾಲ್ಲೂಕಿನ ಮಕ್ಕಳಿಗೆ ಶುಲ್ಕ ಕಟ್ಟುವ ಗಡುವು ತಾನಾಗಿ ಮುಂದಕ್ಕೆ ಹೋಗಬೇಕು. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ವಿದ್ಯಾನಿಧಿಯಂಥ ನೆರವು ಶುಲ್ಕದ ಗಡುವಿಗೆ ಮೊದಲೇ ಖಾತೆಗೆ ಬರಬೇಕು. ವಿದ್ಯಾರ್ಥಿ ಕ್ಷೇಮದ ಸಮೀಕ್ಷೆಗಳು ಮನೆಯ ಸಾಲ, ಬಾವಿಯ ನೀರು, ಬಸ್ಸಿನ ವೇಳೆಯನ್ನೂ ಕೇಳಬೇಕು.

ಊರಿಗೆ ವರದಿ ಮರಳಿಸುವ ಈ ಕೆಲಸವನ್ನು ಕಂದವಾರದಿಂದಲೇ ಶುರು ಮಾಡಬಹುದು. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ, ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜಿದೆ. ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ ಎರಡೂ ಕಡೆಯ ವಿದ್ಯಾರ್ಥಿಗಳು ಒಟ್ಟಾಗಿ ಕೆರೆಯ ನೀರು, ಸುತ್ತಲ ಕೊಳವೆಬಾವಿಗಳ ನೀರು, ತೋಟದ ಸೊಪ್ಪನ್ನು ಪರೀಕ್ಷಿಸಲಿ. ನೈಟ್ರೇಟ್ ಎಷ್ಟು, ಫ್ಲೋರೈಡ್ ಎಷ್ಟು, ಸೀಸ, ಕ್ಯಾಡ್ಮಿಯಂ ಎಷ್ಟು, ಕುಡಿಯಲು ಯಾವ ಬಾವಿ ಯೋಗ್ಯ, ಯಾವುದು ಅಲ್ಲ ಎಂಬುದನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಕಚೇರಿಯ ಫಲಕಕ್ಕೆ ಅಂಟಿಸಲಿ, ಕೆಳಗೆ ತಮ್ಮ ಸಹಿಯೂ ಮಾರ್ಗದರ್ಶಕರ ಸಹಿಯೂ ಇರಲಿ.