ಶೀರ್ಷಿಕೆ ಹೊರಟಲ್ಲಿಗೆ ಸಂಸಾರವೂ

ಪರೀಕ್ಷೆಗೆ ಓದುವ ಮಕ್ಕಳಲ್ಲಿ ಈಗ ಅನೇಕರು ಟಿಪ್ಪಣಿಗಳನ್ನು ಕಂಪ್ಯೂಟರಿನಲ್ಲೇ ಬರೆದಿಡುತ್ತಾರೆ. ಬರೆಯುವಾಗ ಯಾರೂ ಕ್ರಮ ನೋಡುವುದಿಲ್ಲ. ತರಗತಿಯಲ್ಲಿ ಹೇಳಿದ್ದು, ಟ್ಯೂಷನ್ನಿನಲ್ಲಿ ಬರೆಸಿದ್ದು, ನಡುವೆ ಗೆಳೆಯನ ನೋಟ್‌ಬುಕ್ಕಿನಿಂದ ಇಳಿಸಿಕೊಂಡದ್ದು, ಎಲ್ಲವೂ ಬಂದ ಹಾಗೆ ಒಂದೇ ಕಡತದಲ್ಲಿ ಕೂರುತ್ತವೆ. ಜನವರಿಯ ಹೊತ್ತಿಗೆ ಆ ಕಡತ ಸಂತೆ ಮುಗಿದ ಮರುದಿನದ ಬಯಲಿನಂತೆ ಕಾಣುತ್ತದೆ. ಆಗ ಹೊಳೆಯುವ ಉಪಾಯ ಒಂದೇ: ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿಬಿಟ್ಟರೆ ಹೇಗೆ?

ಟೆಕ್ಸ್ಟ್ ಎಡಿಟರ್ ಎಂದು ಕರೆಯುವ ಸರಳ ತಂತ್ರಾಂಶಗಳಲ್ಲಿ ಸಾಲುಗಳನ್ನು ಜೋಡಿಸುವ ಆಜ್ಞೆ ಸಾಮಾನ್ಯವಾಗಿ ಇರುತ್ತದೆ. ಅದನ್ನು ಟಿಪ್ಪಣಿಯ ಮೇಲೆ ಪ್ರಯೋಗಿಸಿದರೆ ಏನಾಗುತ್ತದೆ ನೋಡಿ. ವಿಷಯದ ಹೆಸರಿಗೆ ಒಂದು ನಕ್ಷತ್ರ ಚಿಹ್ನೆ, ಅದರೊಳಗಿನ ಪಾಠಕ್ಕೆ ಎರಡು ನಕ್ಷತ್ರ, ಕೆಳಗೆ ವಿವರಣೆ, ಹೀಗೆ ನೀವು ಬರೆದಿದ್ದೀರಿ ಎಂದಿಟ್ಟುಕೊಳ್ಳಿ. ಯಂತ್ರಕ್ಕೆ ಪ್ರತಿ ಸಾಲೂ ಬಿಡಿ ಸಾಲೇ. ಒಂದು ನಕ್ಷತ್ರದ ಸಾಲುಗಳೆಲ್ಲ ಮೇಲೆ ಹೋಗಿ ಗುಂಪಾಗುತ್ತವೆ, ಎರಡು ನಕ್ಷತ್ರದವು ಅವುಗಳ ಕೆಳಗೆ, ಕನ್ನಡದ ವಿವರಣೆಗಳೆಲ್ಲ ತಳಕ್ಕೆ. ಜಾತ್ರೆಯಲ್ಲಿ ತಂದೆತಾಯಿಗಳನ್ನೆಲ್ಲ ಒಂದು ಸಾಲಿನಲ್ಲಿ, ಮಕ್ಕಳನ್ನೆಲ್ಲ ಇನ್ನೊಂದು ಸಾಲಿನಲ್ಲಿ ನಿಲ್ಲಿಸಿದ ಹಾಗೆ. ಸಾಲೇನೋ ನೆಟ್ಟಗಿದೆ, ಯಾರ ಮಗು ಯಾರದೆಂದು ಹೇಳುವವರಿಲ್ಲ.

ಶೀರ್ಷಿಕೆಯನ್ನು ಅದರ ಸಂಸಾರದ ಸಮೇತ ಸಾಗಿಸಬೇಕು ಎಂಬ ಯೋಚನೆ ಹೊಸದಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರ್ ಸಭಿಕರೆದುರು ಪರದೆಯ ಮೇಲೆ ಒಂದು ಸಾಮಾನಿನ ಚೀಟಿ ಬರೆದು ತೋರಿಸಿದರು. ಬಾಳೆಹಣ್ಣು, ಕ್ಯಾರೆಟ್ ಇತ್ಯಾದಿ, ನಮ್ಮ ಮನೆಗಳಲ್ಲಿ ಅಂಗಡಿಗೆ ಕೊಟ್ಟು ಕಳಿಸುವಂಥದ್ದೇ. ಆಮೇಲೆ ಅವನ್ನು ಗುಂಪುಗಳಾಗಿ ಒಂದೊಂದು ತಲೆಬರಹದ ಕೆಳಗೆ ಸರಿಸಿದರು. ಮೌಸ್ ಎಂಬ ಉಪಕರಣವನ್ನು ಜನ ಕಂಡದ್ದೂ ಅದೇ ಸಭೆಯಲ್ಲಿ. ಮೌಸ್ ಮನೆಮಾತಾಯಿತು, ಚೀಟಿಯ ಕತೆ ಬಹುಮಂದಿಗೆ ಗೊತ್ತಿಲ್ಲ.

ಇಂದು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಸಾಧನಗಳಲ್ಲಿ ಒಂದು ಆರ್ಗ್ ಮೋಡ್. ಉಚಿತವಾಗಿ ಸಿಗುವ ಈಮ್ಯಾಕ್ಸ್ ಎಡಿಟರಿನ ಒಳಗೆ ಅದು ಇದೆ. 2003ರಲ್ಲಿ ಇದನ್ನು ಆರಂಭಿಸಿದವರು ಕಾರ್ಸ್ಟನ್ ಡೊಮಿನಿಕ್. ಅವರು ವೃತ್ತಿಯಿಂದ ಖಗೋಳ ವಿಜ್ಞಾನಿ. ಸ್ವಂತ ಟಿಪ್ಪಣಿಗಳನ್ನು ಹದ್ದುಬಸ್ತಿನಲ್ಲಿಡಲು ಮಾಡಿಕೊಂಡದ್ದು ಎಲ್ಲರಿಗೂ ಆಯಿತು. ಕಂಟ್ರೋಲ್ ಕೀಲಿಯೊಂದಿಗೆ ಸಿ ಒತ್ತಿ, ಬಿಟ್ಟು, ^ ಚಿಹ್ನೆ ಒತ್ತಿದರೆ ಅದು ನಿಮ್ಮನ್ನೇ ಕೇಳುತ್ತದೆ: ಯಾವುದರ ಪ್ರಕಾರ ಜೋಡಿಸಲಿ? ಅಕ್ಷರವೋ, ಸಂಖ್ಯೆಯೋ, ದಿನಾಂಕವೋ, ಆದ್ಯತೆಯೋ? ಉತ್ತರದ ಅಕ್ಷರವನ್ನು ದೊಡ್ಡಕ್ಷರದಲ್ಲಿ ಒತ್ತಿದರೆ ಕ್ರಮ ತಿರುಗುಮುರುಗು. ಕರ್ಸರ್ ಯಾವ ಶೀರ್ಷಿಕೆಯ ಮೇಲಿದೆಯೋ ಅದರ ನೇರ ಮಕ್ಕಳಷ್ಟೇ ಜಾಗ ಬದಲಿಸುತ್ತಾರೆ. ಮೊಮ್ಮಕ್ಕಳು ತಂತಮ್ಮ ತಂದೆತಾಯಿಯ ಕೈಹಿಡಿದು ಹೋಗುತ್ತಾರೆ, ಅವರವರೊಳಗಿನ ಕ್ರಮ ಕೆಡುವುದಿಲ್ಲ.

ಯಾವುದರ ಪ್ರಕಾರ ಎಂಬ ಆ ಪ್ರಶ್ನೆಗೆ ಉತ್ತರ ಹೇಳುವುದು ಮಾತ್ರ ಅಷ್ಟು ಸುಲಭವಲ್ಲ.

1967ರಿಂದ 2010ರವರೆಗಿನ ಪ್ರಶಸ್ತಿಗಳಲ್ಲಿ ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಮಂದಿಯ ಬಗ್ಗೆ ನೀವು ಒಂದೊಂದು ಪುಟ ಬರೆದಿದ್ದೀರಿ. ಅಕಾರಾದಿ ಎಂದರೆ ಅನಂತಮೂರ್ತಿ ಮೊದಲು ಬರಬೇಕಲ್ಲವೇ? ನೀವು ಶೀರ್ಷಿಕೆಯಲ್ಲಿ ಯು.ಆರ್. ಅನಂತಮೂರ್ತಿ ಎಂದು ಬರೆದಿದ್ದರೆ ಅವರು ಮಾಸ್ತಿಯವರನ್ನೂ ದಾಟಿ ಎಂಟನೆಯ ಸ್ಥಾನಕ್ಕೆ ಹೋಗುತ್ತಾರೆ. ಯಂತ್ರಕ್ಕೆ ಇನಿಷಿಯಲ್ಲು ಯಾವುದು, ಹೆಸರು ಯಾವುದು ಎಂದು ತಿಳಿಯದು. ಕುವೆಂಪು, ಬೇಂದ್ರೆ, ಕಾರಂತ ಎಂಬ ಕಾಲಕ್ರಮ ಬೇಕಿದ್ದರೆ ಶೀರ್ಷಿಕೆಯ ಆರಂಭದಲ್ಲೇ 1967, 1973, 1977 ಎಂದು ಇಸವಿ ಹಾಕಿ, ಸಂಖ್ಯೆಯ ಪ್ರಕಾರ ಜೋಡಿಸಿ. ಆರಂಭದಲ್ಲೇ ಎಂಬುದನ್ನು ಮರೆಯಬೇಡಿ, ಆರ್ಗ್ ಮೋಡ್ ಮಧ್ಯದಲ್ಲಿರುವ ಸಂಖ್ಯೆಯನ್ನು ಹುಡುಕುವುದಿಲ್ಲ. ಅಕ್ಷರದ ಪ್ರಕಾರ ಜೋಡಿಸಿದರಂತೂ ‘ಅಧ್ಯಾಯ 10’ ಎಂಬುದು ‘ಅಧ್ಯಾಯ 2’ಕ್ಕಿಂತ ಮುಂದೆ ನಿಲ್ಲುತ್ತದೆ, ಏಕೆಂದರೆ 1 ಎಂಬ ಅಂಕಿ 2ಕ್ಕಿಂತ ಮೊದಲು. 02 ಎಂದು ಬರೆದರೆ ಈ ತಂಟೆ ಇಲ್ಲ.

ಕನ್ನಡಕ್ಕೇ ವಿಶೇಷವಾದ ಇನ್ನೊಂದು ತೊಡಕಿದೆ. ಕಾಗುಣಿತ ಕಲಿತ ಯಾವ ಮಗುವನ್ನು ಕೇಳಿದರೂ ವರ್ಣಮಾಲೆಯ ಕೊನೆಯ ಅಕ್ಷರ ಳ ಎನ್ನುತ್ತದೆ. ಯುನಿಕೋಡ್‌ನಲ್ಲಿ ಹಾಗಿಲ್ಲ. ಭಾರತದ ಹಲವು ಲಿಪಿಗಳಿಗೆ ಒಂದೇ ಏರ್ಪಾಡಾಗಿ ಬಂದ ಇಸ್ಕಿ ಎಂಬ ಸಂಕೇತಕ್ರಮದ 1988ರ ರೂಪವನ್ನು ಅದು ಅನುಸರಿಸಿತು. ಅದರಲ್ಲಿ ಳ ಇರುವುದು ಲ ಆದ ಕೂಡಲೇ, ವ ಬರುವ ಮುನ್ನ. ಹೀಗಾಗಿ ಅಕ್ಷರಗಳ ಸಂಕೇತಸಂಖ್ಯೆಯನ್ನಷ್ಟೇ ನೋಡಿ ಜೋಡಿಸುವ ತಂತ್ರಾಂಶಗಳಲ್ಲಿ ಬಳಪ ಮೊದಲು, ಬಸವ ಆಮೇಲೆ. ನಿಘಂಟಿನಲ್ಲಿ ಬಸವ ಮೊದಲು. ಪದಕೋಶ ಮಾಡಿಕೊಳ್ಳುವ ವಿದ್ಯಾರ್ಥಿಗಳು ಳ ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ ನೋಡುವುದು ಒಳ್ಳೆಯದು.

ಪೋಷಕರು ಕೇಳಬಹುದು, ಇಷ್ಟೆಲ್ಲ ಸೌಲಭ್ಯ ಇರುವಾಗ ಮಕ್ಕಳು ಎಲ್ಲ ಟಿಪ್ಪಣಿಯನ್ನೂ ಹೀಗೆ ಜೋಡಿಸಿಟ್ಟುಕೊಳ್ಳಬಹುದಲ್ಲ ಎಂದು. ಬೇಡ ಎಂದೇ ನನ್ನ ಅಭಿಪ್ರಾಯ. ಹತ್ತನೆಯ ತರಗತಿಯ ರಸಾಯನ ವಿಜ್ಞಾನವನ್ನೇ ತೆಗೆದುಕೊಳ್ಳಿ. ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು, ಆಮ್ಲ ಪ್ರತ್ಯಾಮ್ಲಗಳು, ಲೋಹ ಅಲೋಹಗಳು, ಕಾರ್ಬನ್ನಿನ ಸಂಯುಕ್ತಗಳು, ಹೀಗೆ ಪಾಠಗಳು ಸಾಗುತ್ತವೆ. ಅಕಾರಾದಿ ಮಾಡಿದರೆ ಆಮ್ಲ ಮೊದಲಿಗೆ, ಕಾರ್ಬನ್ ಅದರ ಬೆನ್ನಿಗೆ, ಸಮೀಕರಣ ಮೂರನೆಯದು. ಸಮೀಕರಣ ಸರಿದೂಗಿಸಲು ಬಾರದ ಹುಡುಗಿ ಆಮ್ಲ ಪ್ರತ್ಯಾಮ್ಲ ಸೇರಿ ಲವಣವಾಗುವ ಕ್ರಿಯೆಯನ್ನು ಬರೆಯುವುದು ಹೇಗೆ? ಪಾಠದ ಕ್ರಮದಲ್ಲಿ ಒಂದರ ಹೆಗಲ ಮೇಲೆ ಇನ್ನೊಂದು ನಿಂತಿರುತ್ತದೆ. ಅದನ್ನು ಅಕ್ಷರಮಾಲೆ ಅರಿಯದು. ವ್ಯಾಖ್ಯೆಗಳು, ಕಠಿಣ ಪದಗಳು, ಕವಿಪರಿಚಯ, ಇಂಥ ಹುಡುಕಿ ನೋಡುವ ಸರಕಿಗೆ ಅಕಾರಾದಿ ಇರಲಿ. ಓದಿ ಅರ್ಥಮಾಡಿಕೊಳ್ಳುವ ಸರಕನ್ನು ಮುಟ್ಟಬೇಡಿ.

ಪರೀಕ್ಷೆಯ ಹಿಂದಿನ ವಾರಗಳಲ್ಲಿ ಮಾತ್ರ ಆದ್ಯತೆಯ ಜೋಡಣೆ ನಿಜಕ್ಕೂ ಉಪಕಾರಿ. ಇನ್ನೂ ಬಾರದ ಪಾಠಕ್ಕೆ ಎ, ಅರೆಬರೆ ತಿಳಿದದ್ದಕ್ಕೆ ಬಿ, ಚೆನ್ನಾಗಿ ಬರುವುದಕ್ಕೆ ಸಿ ಎಂದು ಗುರುತು ಹಾಕಿ. ಮೊದಲು ಪಾಠದ ಸಂಖ್ಯೆಯ ಪ್ರಕಾರ ಜೋಡಿಸಿ, ಆಮೇಲೆ ಆದ್ಯತೆಯ ಪ್ರಕಾರ ಇನ್ನೊಮ್ಮೆ. ಎರಡನೆಯ ಜೋಡಣೆ ಮೊದಲಿನದನ್ನು ಪೂರ್ತಿ ಅಳಿಸುವುದಿಲ್ಲ. ಎ ಗುಂಪಿನ ಪಾಠಗಳು ಮೇಲೆ ಬಂದರೂ ಅವುಗಳೊಳಗೆ ಪಾಠದ ಕ್ರಮ ಹಾಗೇ ಉಳಿದಿರುತ್ತದೆ.

ಇದು ಬರೀ ನೋಟದ ಬದಲಾವಣೆಯಲ್ಲ, ಕಡತವೇ ಬದಲಾಗುತ್ತದೆ. ಆಗಲೇ ಗಮನಿಸಿದರೆ ರದ್ದು ಮಾಡಬಹುದು. ಉಳಿಸಿ ಎಡಿಟರ್ ಮುಚ್ಚಿದ ಮೇಲೆ ಹಳೆಯ ಕ್ರಮ ಆ ಕಡತದಲ್ಲಿ ಬರೆದಿರುವುದಿಲ್ಲ. ಆದ್ದರಿಂದ ಮೊಟ್ಟಮೊದಲ ಜೋಡಣೆಗೆ ಮುನ್ನ ಪ್ರತಿ ಶೀರ್ಷಿಕೆಯ ಹಿಂದೆ 01, 02, 03 ಎಂದು ಈಗಿರುವ ಕ್ರಮವನ್ನೇ ನಮೂದಿಸಿಬಿಡಿ. ಇಸವಿ ಹಾಕಿದ ಪಟ್ಟಿಯಾದರೆ ಇದು ಬೇಡ, ಒಂದು ಪ್ರತಿ ಬೇರೆ ಹೆಸರಿನಲ್ಲಿ ಇಟ್ಟುಕೊಂಡರೆ ಸಾಕು.